ಮೂಲೆಯಲ್ಲಿದ್ದ ಚಿನ್ನಿ

ಒಂಚೂರು ನಿಂತು ಇದನ್ನ ಪೂರ್ತಿ ಕೇಳಿ, ಆಮೇಲೆ ಅವಳನ್ನ ಬೈಯೋದಾದ್ರೆ ಬೈರಿ...

ಅವಳದು ಫ್ರೇಮ್ ಹಾಕೋ ಅಂಗಡಿ. ಎದುರಿನ ಟಾಕೀಸಿಗೆ ಪೋಸ್ಟರ್ ಬರೆಯೋನು ಅವಳಿಗಿಟ್ಟ ಹೆಸರು ಮೊಳೆ. ಮಾತು ಚುಚ್ಚುತ್ತಂತೆ! ದಿನಾ ಟೀ ಕುಡಿಯೋಕೆ ಬರ್ತಿದ್ದ, ಕುಡಿದು ಮುಗಿದರೂ ಏಳ್ತಿರಲಿಲ್ಲ.

ಅವತ್ತು ಮಾತ್ರ ಅವನ ಟೀ ಆರಿಹೋಯ್ತು.

"ಮೊಳೆ, ಇದನ್ನ ನೋಡು" ಅಂತ ಹಳೇ ಪೋಸ್ಟರ್ ಒಂದನ್ನ ಮೇಜಿನ ಮೇಲೆ ಬಿಚ್ಚಿದ.

ಹೀರೋ ಮುಖ ಇಲ್ಲ, ಹೀರೋಯಿನ್ ಮುಖಾನೂ ಇಲ್ಲ. ಕಡುನೀಲಿ ಕತ್ತಲು, ಅರೆತೆರೆದ ಬಾಗಿಲು, ಹೊಸ್ತಿಲ ಮೇಲೆ ಒಂಟಿ ಚಪ್ಪಲಿ. ಬಾಗಿಲ ಸಂದಿಯ ಹಳದಿ ಬೆಳಕೇ ನೆಲದ ಮೇಲೆ ಹರಿದು ಸಿನಿಮಾದ ಹೆಸರಾಗಿತ್ತು. ಅವಳಿಗೂ ಎದೆ ಝಲ್ಲೆಂದಿತು...

ಮೂಲೆಯಲ್ಲಿ ಪುಟ್ಟದೊಂದು ಸಹಿ. ಚಿನ್ನಿ.

ಅಲ್ಲಿಂದ ಶುರುವಾಯ್ತು ನೋಡಿ ಅವನ ಹೊಗಳಿಕೆ. ಅವರ ಕೈ ಎಂಥದ್ದು, ಅವರು ಖಾಲಿ ಬಿಟ್ಟಿರೋ ಜಾಗ ಎಷ್ಟು ಮಾತಾಡುತ್ತೆ, ಮನೆ ಹುಡುಕ್ಕೊಂಡು ಹೋದ್ರೆ ಅವರು ಸಂಜೆವರೆಗೂ ಬಿಡಲೇ ಇಲ್ಲ... ಕೂತರೂ ಅವರು, ನಿಂತರೂ ಅವರು. ನಾಳೆ ಅವರೇ ಬರ್ತಾರಂತೆ, ಅಷ್ಟರಲ್ಲಿ ಇದಕ್ಕೆ ಫ್ರೇಮ್ ಆಗಬೇಕಂತೆ.

'ನಾನು ಮೊಳೆ... ಅವಳು ಅವರು!'

ಇಷ್ಟು ಹಳೇ ಪೋಸ್ಟರ್, ಅಜ್ಜಿಯಾಗಿರ್ತಾಳೆ ಬಿಡೇ ಅಂತ ಬುದ್ಧಿ ಹೇಳ್ತು. ಹೊಟ್ಟೆ ಕೇಳಬೇಕಲ್ಲ? ಅವನ ಕಣ್ಣಲ್ಲಿ ಆ ಹೊಳಪು ತನಗೋಸ್ಕರ ಯಾವತ್ತಾದ್ರೂ ಬಂದಿತ್ತಾ?

ಪೋಸ್ಟರ್ ಸುತ್ತ ಕೂರಿಸೋ ಬಿಳಿ ರಟ್ಟನ್ನ ಎರಡು ಬೆರಳು ಅಗಲ ಜಾಸ್ತಿ ಬಿಟ್ಟು ಕತ್ತರಿಸಿದಳು.

ಚಿನ್ನಿ ಮಾಯ.

ಮಾರನೇ ದಿನ ಅವನ ಕೈ ಹಿಡ್ಕೊಂಡು ಅಂಗಡಿಗೆ ಬಂದಿದ್ದು... ಪೊದೆ ಮೀಸೆಯ ಒಬ್ಬ ತಾತ!

ಅವರು ಅಂದ್ರೆ ಇವರಾ?

ತಾತ ಫ್ರೇಮಿನ ಮೂಲೆಗೆ ಬಗ್ಗಿದರು. ಬೆರಳು ಗಾಜಿನ ಮೇಲೆ ತಡಕಾಡಿತು.

"ನನ್ನ ಹೆಂಡತಿ ಎಲ್ಲಿ ಮಗಳೇ?"

ಬರೆದಿದ್ದಕ್ಕೆಲ್ಲ ಅವಳ ಹೆಸರೇ ಹಾಕ್ತಿದ್ದರಂತೆ. ಈಗ ಅವಳಿಲ್ಲ, ಹೆಸರಿದೆ.

ಮೊಳೆಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಫ್ರೇಮ್ ಬಿಚ್ಚಿ ರಟ್ಟು ತೆಗೆದಳು. ಚಿನ್ನಿ ಮತ್ತೆ ಕಂಡಳು. ತಾತ ಕನ್ನಡಕ ತೆಗೆದು ಒರೆಸಿಕೊಂಡರು.

"ಬೇಕಂತಲೇ ಮುಚ್ಚಿದೆ" ಅಂದಳು, ಅವನ ಕಡೆ ನೋಡದೆ.

ಅವನು ಕಿಟಕಿಯಾಚೆ ಟಾಕೀಸಿನ ಗೋಡೆ ತೋರಿಸಿದ. ಬೆಳಿಗ್ಗೆ ತಾನೇ ಬರೆದು ಏರಿಸಿದ ಹೊಸ ಪೋಸ್ಟರ್. ಮೂಲೆಯಲ್ಲಿ ಪುಟ್ಟದಾಗಿ... ಮೊಳೆ.

"ತಾತನ ಕಥೆ ಕೇಳಿದ ಮೇಲೆ ಧೈರ್ಯ ಬಂತು" ಅಂದ. "ಬಾಯಿಬಿಟ್ಟು ಹೇಳೋಕೆ ಮಾತ್ರ ಭಯ. ಚುಚ್ತೀಯಲ್ಲ."

"ಮೊಳೆ ಚುಚ್ಚದಿದ್ರೆ ಫ್ರೇಮ್ ನಿಲ್ಲಲ್ಲ ಕಣೋ."

ಈಗ ಎದೆ ಮುಟ್ಟಿಕೊಂಡು ಹೇಳಿ, ನೀವಾಗಿದ್ರೆ ಆ ರಟ್ಟನ್ನ ಎಷ್ಟು ಅಗಲ ಕತ್ತರಿಸ್ತಿದ್ರಿ?