ಹದಿಮೂರನೆಯ ಹೆಣ

ಖಾನಾಪುರದ ಗುರುಪುತ್ರಪ್ಪ ಹನ್ನೆರಡು ಪತ್ತೇದಾರಿ ಕಾದಂಬರಿ ಬರೆದು ಹೆಸರು ಮಾಡಿದ್ದ. ಹನ್ನೆರಡೂ ಕದ್ದ ಮಾಲೆಂದು ಕಂಡುಹಿಡಿದವರು ಅವನಿಗೆ ಅಕ್ಷರ ಕಲಿಸಿದ ಭೂಪಾಲ ಮಾಸ್ತರರೇ. ಇಂಗ್ಲಿಷ್ ಮೂಲಗಳನ್ನು ಎದುರಿಗಿಟ್ಟುಕೊಂಡು ಸಾಲಿಗೆ ಸಾಲು ಹೋಲಿಸಿ ಲೇಖನ ಬರೆದಿದ್ದರು. ಪ್ರತಿ ಅದೊಂದೇ. ಬೆಳಗಾವಿಯ ವಾರಪತ್ರಿಕೆಗೆ ಕೊಡುವ ಮುಂಚೆ ಶಿಷ್ಯನಿಗೊಮ್ಮೆ ತೋರಿಸುವುದು ಧರ್ಮವೆಂದು ಕಾಗದ ಹಾಕಿದ್ದರು. ಧರ್ಮವಂತರನ್ನು ಕೊಲ್ಲುವುದು ಎಷ್ಟು ಸಲೀಸು ಎಂದು ಗುರುಪುತ್ರಪ್ಪ ನಕ್ಕ.

ತಾನು ಕದ್ದ ಕತೆಗಳ ಕೊಲೆಗಾರರೆಲ್ಲ ಅವನ ಕಣ್ಣಿಗೆ ದಡ್ಡರು. ಪಿಸ್ತೂಲಂತೆ, ಮುಖವಾಡವಂತೆ. ಈ ಹದಿಮೂರನೆಯ ಹಂಚಿಕೆ ಮಾತ್ರ ಅಪ್ಪಟ ಸ್ವಂತದ್ದು. ಹೆಂಡತಿಯನ್ನು ಪಾರಿಶ್ವಾಡದ ತವರಿಗೆ ಕಳಿಸಿದ. ಮಾಸ್ತರರು ಜೈನರು, ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟರು, ಪರರ ಮನೆಯಲ್ಲಿ ಉಣ್ಣರು. ಅದಕ್ಕೇ ಮಧ್ಯಾಹ್ನದ ರೈಲಿಗೆ ಬರಹೇಳಿದ. ಅದಕ್ಕೇ ಅನ್ನ ಬಿಟ್ಟು ನೀರನ್ನು ಆರಿಸಿದ. ತಂಬಿಗೆಗೆ ಇಲಿಪಾಷಾಣದ ಬಿಳಿ ಪುಡಿ ಸುರಿದು ಕದಡಿದ. ಸಂಜೆಯ ರೈಲಿನಲ್ಲಿ ವಾಂತಿಭೇದಿ, ಬೆಳಗಾವಿಯಲ್ಲಿ ಇಳಿಸುವಾಗ ಹೆಣ. ಊರೂರಿಗೆ ಕಾಲರಾ ಹಬ್ಬಿದ ಬೇಸಿಗೆಯಲ್ಲಿ ಯಾವ ಡಾಕ್ಟರು ತಲೆ ಕೆಡಿಸಿಕೊಳ್ಳುತ್ತಾನೆ? ಇನ್ನೊಬ್ಬರ ಆಚಾರವನ್ನು ಇಷ್ಟು ಬಲ್ಲವನು ತಾಲೂಕಿನಲ್ಲೇ ಇಲ್ಲವೆಂದು ಬೀಗಿದ.

ಮಾಸ್ತರರು ಬೆವರುತ್ತ ಬಂದು, ಲೇಖನವನ್ನು ಅವನ ಕೈಗಿಟ್ಟು ಪಡಸಾಲೆಯಲ್ಲಿ ಕೂತರು.

"ಹನ್ನೆರಡು ಪುಸ್ತಕದಾಗ ನಿಂದು ಅಂತ ಏನೈತೋ? ಬರೇ ಮ್ಯಾಲಿನ ಹೆಸರು."

"ನೀವು ಕಲಿಸಿದ ಅಕ್ಷರ ಅದಾವಲ್ರಿ ಮಾಸ್ತರ್ರ. ಮೊದಲ ನೀರ ಕುಡೀರಿ. ನಾ ಒಳಗ ಕುಂತು ಓದತೀನಿ."

ಸಾಯುವವರನ್ನು ನೋಡುತ್ತ ಕೂರುವುದು ಅಗ್ಗದ ಲೇಖಕರ ಚಾಳಿ. ಅವನು ಒಳಗೆ ಹೋಗಿ ಎರಡು ಪುಟ ಓದಿದ. ಮುದುಕ ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಲೇಖನವನ್ನು ಟ್ರಂಕಿಗೆ ಹಾಕಿ ಬೀಗ ಜಡಿದು ಹೊರಬಂದ. ತಂಬಿಗೆ ಬರಿದಾಗಿತ್ತು. ಎದೆ ಹಗುರಾಯಿತು, ಗಂಟಲು ಒಣಗಿತ್ತು. ಮೂಲೆಯ ಗಡಿಗೆಯ ತಳದಲ್ಲಿ ಉಳಿದಿದ್ದ ನೀರನ್ನು ಬಗ್ಗಿಸಿ, ಗಟಗಟನೆ ಅಷ್ಟನ್ನೂ ಕುಡಿದ.

"ಸೋಸಿಲ್ಲದ ನೀರು ಹಂಗ ಕುಡೀಬ್ಯಾಡೋ," ಎಂದರು ಮಾಸ್ತರರು, ಒದ್ದೆ ಅರಿವೆಯೊಂದನ್ನು ಹಿಂಡುತ್ತ. "ನಾವು ಎಲ್ಲಿ ಹೋದರೂ ಸೋಸೇ ಕುಡಿಯೂದು. ತಂಬಿಗಿ ನೀರು ಸೋಸಿದರ ಅರಿವಿ ಮ್ಯಾಲ ಬಿಳೇ ಉಸುಕು ನಿಂತಿತ್ತು, ಕುಡ್ಯಾಕ ಮನಸ್ಸಾಗಲಿಲ್ಲ. ಖರೇ ಅಂದರ, ಅದರಾಗಿನ ಸಣ್ಣ ಜೀವ ಸಾಯಬಾರದು, ಬಂದ ನೀರಿಗೇ ತಿರುಗಿ ಹೋಗಬೇಕು. ಅದಕ್ಕ ಎಲ್ಲಾ ನಿನ್ನ ಗಡಿಗ್ಯಾಗ ಸುರುವಿ, ಅರಿವೀನೂ ಅದರಾಗ ಜಾಲಾಡಿಸೀನಿ."