ಆ ಕೈ ಕೊಟ್ಟ ನೀರು

“ನೀರು ತಗೊಂಡು ಹೋಗಪ್ಪ, ಬೇಡ ಅನ್ನಲ್ಲ. ಇದರ ಬಗ್ಗೆ ಸುಳ್ಳು ಮಾತ್ರ ಹೇಳ್ಬೇಡ. ಸುಳ್ಳು ಹೇಳಿದ ಕೈ ಯಾರಿಗೆ ನೀರು ಕೊಟ್ರೂ ಅದು ಈ ಬಾವಿ ನೀರೇ ಆಗತ್ತೆ. ಹಾಗಂತ ಕಟ್ಟಿದೀನಿ.”

ಅಜ್ಜಿ ಬಾವಿಯೊಳಗೆ ಬೆರಳು ತೋರಿಸಿದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನೀರು ಪರೀಕ್ಷಕ ಬಗ್ಗಿ ನೋಡಿದ. ಕಪ್ಪು ನೀರಿಗೆ ಗೇಣು ಮೇಲೆ ಮಗುವಿನ ಹಾಲಿನ ಬಾಟಲಿಯೊಂದು ತೂಗುತ್ತಿತ್ತು. ಅದನ್ನು ಕಟ್ಟಿದ್ದು ಹಗ್ಗದಿಂದಲ್ಲ, ಹೆಣೆದ ನರೆಗೂದಲಿನಿಂದ. ಅಜ್ಜಿಯ ತಲೆ ಬೋಳಾಗಿತ್ತು.

ಅವನಿಗೆ ನಗು ತಡೆಯಲಾಗಲಿಲ್ಲ. “ಅಜ್ಜಿ, ಮಾಟಕ್ಕೆ ನಮ್ಮ ಲ್ಯಾಬಲ್ಲಿ ಟೆಸ್ಟ್ ಇಲ್ಲ. ಇದ್ದಿದ್ರೆ ಅದನ್ನೂ ಮಾಡಿಸ್ತಿದ್ದೆ.”

“ನಗು. ನನ್ನ ಮೊಮ್ಮಗನೂ ನಗ್ತಿದ್ದ. ತುಟಿ ನೀಲಿ ಆಗೋ ತನಕ.”

ಬೇಲಿಯಾಚೆ ಸಮುದ್ರದವರೆಗೂ ಸಿಗಡಿ ಹೊಂಡಗಳು. ನೀರು ಕಲಕುವ ಚಕ್ರಗಳ ಸದ್ದು ಹಗಲೂ ನಿಲ್ಲದು. ಆ ಹೊಂಡಗಳ ಕೊಳಚೆ ಮರಳಿನಲ್ಲಿ ಇಂಗಿ ಬಾವಿ ಸೇರುತ್ತಿದೆ, ಆ ನೀರಲ್ಲಿ ಕಲಸಿದ ಪುಡಿಹಾಲು ಕುಡಿದೇ ಮೊಮ್ಮಗ ಸತ್ತ ಎಂದು ಅಜ್ಜಿ ಕಂಡಕಂಡವರಿಗೆ ಹೇಳಿ ಗಂಟಲು ಹರಿದುಕೊಂಡಿದ್ದಳು. ನೈಟ್ರೇಟ್ ಮಿತಿಮೀರಿದ ನೀರು ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಸೇರಗೊಡದು, ಕೂಸು ನೀಲಿಗಟ್ಟುತ್ತದೆ. ಇದು ಪರೀಕ್ಷಕನಿಗೆ ಬಾಯಿಪಾಠ. ಹಾಗಿದ್ದೂ ಆ ಬೆಳಿಗ್ಗೆ ಅವನ ಸಾಹೇಬರು “ಹೊಂಡದವರು ನಮಗೆ ಬೇಕಾದವರು, ಬಾವಿ ಪಾಸಾಗ್ಬೇಕು” ಎಂದಾಗ, ಈ ಮಹಾನುಭಾವ “ಆಯ್ತು ಸರ್” ಎಂದು ಗೋಣು ಆಡಿಸಿ ಬಂದಿದ್ದ. ಥೂ, ಅದೂ ಒಂದು ಗೋಣೇ! ಅವನ ಮನೆಯಲ್ಲೂ ಬಾಟಲಿ ಹಾಲು ಕುಡಿಯುವ ಹೆಣ್ಣುಕೂಸಿತ್ತು.

ಅಜ್ಜಿಯ ಕಣ್ಣೆದುರು ಅವನು ನೀರು ಸೇದಿದ. ತಾನು ತಂದಿದ್ದ ಲ್ಯಾಬಿನ ಬಾಟಲಿಯನ್ನು ಅದೇ ನೀರಲ್ಲಿ ಗಲಬರಿಸಿ ತುಂಬಿಸಿದ. ಕೊಳೆತ ಸಿಗಡಿಯ ನಾತ ಮೂಗಿಗೆ ಅಡರಿ ವಾಕರಿಕೆ ಬಂತು. ದಾರಿಯಲ್ಲಿ ಅದನ್ನು ಚರಂಡಿಗೆ ಸುರಿದು ಮನೆಗೆ ಹೋದ. ಅಡುಗೆಮನೆಯ ಫಿಲ್ಟರಿನಿಂದ ಹೊಸ ಬಾಟಲಿ ತುಂಬಿಸಿ, ಬಾವಿಯ ಗುರುತಿನ ಚೀಟಿ ಅಂಟಿಸಿದ. ಅಂಕಿ ತಿದ್ದಿದರೆ ಸಿಕ್ಕಿಬೀಳಬಹುದು, ನೀರನ್ನೇ ಬದಲಿಸಿದರೆ ಯಾರಪ್ಪನಿಗೂ ಗೊತ್ತಾಗದು. ಯಂತ್ರ ಪಾಪ, ಕೊಟ್ಟದ್ದನ್ನು ಅಳೆಯುತ್ತದೆ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡು ಅವನು ಬಾಟಲಿಯನ್ನು ಲ್ಯಾಬಿಗೆ ಒಪ್ಪಿಸಿದ.

ಮರುದಿನ ಬೆಳಿಗ್ಗೆ ಹೆಂಡತಿಗೆ ತಲೆನೋವು, ಕಟ್ಟಿದ ಮೂಗು. ಅವಸರದಲ್ಲಿ ಮಗಳಿಗೆ ಹಾಲು ಕಲಸಿ, ಪುಡಿಹಾಲಿನ ಘಮದಲ್ಲಿ ಬೇರೇನೂ ಗೊತ್ತಾಗದೆ, ಮುಚ್ಚಳ ಬಿಗಿದಿಟ್ಟು ಅವನು ಕೆಲಸಕ್ಕೆ ಬಂದ. ಬಾಗಿಲಲ್ಲೇ ಲ್ಯಾಬಿನ ಹುಡುಗಿ ಮೂಗು ಮುಚ್ಚಿಕೊಂಡು ನಿಂತಿದ್ದಳು.

“ಏನ್ ಸರ್ ಇದು, ಎಲ್ಲಿಂದ ತಂದ್ರಿ? ನೈಟ್ರೇಟು ನಮ್ಮ ಅಳತೆನೇ ಮೀರಿ ಹೋಗಿದೆ!”

“ಮಿಷಿನ್ ಕೆಟ್ಟಿರ್ಬೇಕು ಬಿಡಿ.”

“ನಾತಾನೂ ಮಿಷಿನ್ನಿಂದ ಬರ್ತಿದೆಯಾ?”

ಅವಳು ಮುಚ್ಚಳ ತೆಗೆದಳು. ಕೊಳೆತ ಸಿಗಡಿ. ಅದು ತನ್ನ ಮನೆಯ ನೀರು ಎಂದು ಗೊತ್ತಿದ್ದವನು ಅವನೊಬ್ಬನೇ. ನೀರಿನಲ್ಲಿ ಉದ್ದನೆಯ ನರೆಗೂದಲೊಂದು ಮೆಲ್ಲಗೆ ಸುತ್ತುತ್ತಿತ್ತು.

ಮೂಲೆಯ ಕ್ಯಾನಿನಿಂದ ಲೋಟ ತುಂಬಿಸಿ ಬಾಯಿಗೆ ತಂದ. ಅದೇ ನಾತ. ಲೋಟ ಕೆಳಗೆ ಬಿತ್ತು. “ನೀವು ತುಂಬಿಸಿ,” ಎಂದ ಹುಡುಗಿಗೆ. ಅವಳು ತುಂಬಿಸಿ ಹಿಡಿದಳು. ತಿಳಿನೀರು, ನಾತವಿಲ್ಲ. ಮತ್ತೆ ತಾನೇ ತುಂಬಿಸಿದ. ಕಪ್ಪು. ಕೊಳೆತದ್ದು.

ಕೈ ನೋಡಿಕೊಂಡ. ಬೆಳಿಗ್ಗೆ ಇದೇ ಕೈ. ಇದೇ ಕೈ ಹಾಲು ಕಲಸಿತ್ತು.

ಓಡಿದ. ಫೋನು ಹಚ್ಚಿದ. ಹೆಂಡತಿ ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ಸಿಗಡಿ ಚಕ್ರಗಳ ಸದ್ದು ಕಿವಿಯಲ್ಲೇ ತಿರುಗುತ್ತಿತ್ತು. ಗೇಟು. ಮೆಟ್ಟಿಲು. ಬಾಗಿಲು.

ಹೆಂಡತಿಯ ತೊಡೆಯ ಮೇಲೆ ಮಗಳಿದ್ದಳು. ಅಳುತ್ತಿರಲಿಲ್ಲ. ತುಟಿ ನೀಲಿ. ಉಗುರು ನೀಲಿ.

“ಬಾಯಿಗಿಟ್ರೆ ಮುಖ ತಿರುಗಿಸ್ತಿದ್ಳು ರೀ. ನೀವು ಕಲಸಿಟ್ಟಿದ್ದನ್ನ ನಾನೇ ಬಲವಂತ ಮಾಡಿ ಕುಡಿಸಿದೆ. ಅಯ್ಯೋ, ನಾನೇ ಕುಡಿಸಿದೆ!”

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು. ಬಹಳ ಹೊತ್ತಿನ ಮೇಲೆ ಕೂಸು ಕಿರುಚಿ ಅತ್ತಿತು. ಅವನು ಅಲ್ಲಿಂದ ನೇರ ಅಜ್ಜಿಯ ಬಾವಿಗೆ ಹೋಗಿ ಕಟ್ಟೆಯ ಬುಡದಲ್ಲಿ ಬಿದ್ದ. ಎಲ್ಲ ಒಪ್ಪಿಕೊಂಡ. ಊರಿಗೆಲ್ಲ ನಿಜ ಹೇಳುತ್ತೇನೆ, ಹೊಂಡ ಮುಚ್ಚಿಸುತ್ತೇನೆ, ಕಟ್ಟು ಬಿಚ್ಚು ತಾಯಿ ಎಂದ.

“ನಿನ್ನ ಮಗಳು ಉಳಿದ್ಳಾ?”

“ಉಳಿದ್ಳು.”

“ನನ್ನ ಮೊಮ್ಮಗ ಉಳೀಲಿಲ್ಲ.” ಅಜ್ಜಿ ಬಾವಿಯೊಳಗೆ ತೂಗುತ್ತಿದ್ದ ಬಾಟಲಿಯತ್ತ ನೋಡಿದಳು. “ಕಟ್ಟೋದು ಕಲ್ತೆ ಕಣೋ. ಬಿಚ್ಚೋದು ಕಲೀಲಿಲ್ಲ. ಕಲಿಯೋ ಮನಸ್ಸೂ ಇರ್ಲಿಲ್ಲ.”

ಅವನು ಮಾತು ಉಳಿಸಿಕೊಂಡ. ಹೊಂಡಗಳಿಗೆ ಬೀಗ ಬಿತ್ತು, ಅವನ ಕೆಲಸ ಹೋಯಿತು. ಸಾಹೇಬರು ಮಾತ್ರ ವರ್ಗವಾಗಿ ಹೋಗಿ ಆರಾಮಾಗಿದ್ದಾರೆ, ಬಂದವರಿಗೆಲ್ಲ ತಮ್ಮ ಕೈಯಾರೆ ತಣ್ಣನೆ ನೀರು ಕೊಡುತ್ತಾರೆ. ಹಾಳಾದ ಮಾಟಕ್ಕೂ ಸಿಕ್ಕಿದ್ದು ಬಾಟಲಿ ಹಿಡಿದವನ ಕೈಯೇ ಹೊರತು, ಹಿಡಿಯಲು ಹೇಳಿದವನ ನಾಲಿಗೆಯಲ್ಲ. ಅದನ್ನು ನೆನೆದರೆ ಮೈ ಉರಿಯುತ್ತದೆ.

ಮಗಳು ಈಗ ಮಾತು ಕಲಿತಿದ್ದಾಳೆ. ಒಂದು ಮಧ್ಯಾಹ್ನ ಹೆಂಡತಿ ಔಷಧಿ ತರಲು ಹೋಗಿದ್ದಳು. ಮಗಳ ಮೈ ಜ್ವರದಿಂದ ಕಾದ ಹೆಂಚಾಗಿತ್ತು.

“ಅಪ್ಪಾ, ನೀಯು.”

“ಅಮ್ಮ ಬರ್ತಾಳೆ ಪುಟ್ಟಿ.”

“ನೀಯು ಕೊಡು ಅಪ್ಪಾ!”

ಕೊಡ ತುಂಬಿತ್ತು. ಪಕ್ಕದಲ್ಲೇ ಲೋಟವಿತ್ತು. ಅವನು ಎದ್ದು, ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ರಸ್ತೆಗೆ ಓಡಿದ.

“ಯಾರಾದ್ರೂ ಬನ್ರೋ! ನನ್ನ ಮಗಳಿಗೆ ಒಂದು ಲೋಟ ನೀರು ಕೊಡ್ರೋ!”

ಒಳಗಿನಿಂದ ಮಗು ಇನ್ನೂ ಅವನನ್ನೇ ಕರೆಯುತ್ತಿತ್ತು.