ಅವಧಿ ಮುಗಿಯುವವರೆಗೆ

ಬೈರೇಶ್ ಆ ವಾಯ್ಸ್ ಮೆಸೇಜ್ ಕಳಿಸಿದ್ದು ಕೋಪದಲ್ಲಿ. ರಾತ್ರಿಯೆಲ್ಲ ಹೊಯ್ದ ಮಳೆ ಬೆಳಗ್ಗೆ ನಿಂತಿತ್ತು. ಎದುರು ಮನೆಯ ಲಕ್ಕಮ್ಮ ಚರಂಡಿ ನೀರಿನಲ್ಲಿ ನೆನೆದ ರಾಗಿ ಮೂಟೆಯನ್ನು ಬೀದಿಗೆ ಎಳೆದು ತಂದು, ಅದರ ಪಕ್ಕದಲ್ಲೇ ಕುಕ್ಕರಿಸಿದ್ದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅದನ್ನೇ ನೋಡಲಾಗದೆ ಅವನು ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟ.

"ನಮ್ ವಾರ್ಡಿಗೆ ಮೆಂಬರ್ ಯಾರು ಸ್ವಾಮಿ? ಮಾವನಾ, ಸೊಸೆನಾ? ಸೊಸೆ ಆಗಿದ್ರೆ ಒಂದ್ಸಲ ಬಂದು ಮುಖ ತೋರ್ಸೋಕೆ ಹೇಳಿ. ಫ್ಲೆಕ್ಸಲ್ಲಿ ನೋಡಿ ನೋಡಿ ಸಾಕಾಗೈತೆ."

ಒಂದು ಗಂಟೆಯೊಳಗೆ ಅವನ ಮೋಟಾರ್ ರಿವೈಂಡಿಂಗ್ ಅಂಗಡಿಯ ಮುಂದೆ ಸ್ಕೂಟರ್ ಬಂದು ನಿಂತಿತು. ದೊಡ್ಡಬಳ್ಳಾಪುರದ ಆ ಹೊಂಗೆಮರದ ಬೀದಿಯಲ್ಲಿ ಮಗ್ಗಗಳ ಸದ್ದಿಗೆ ಯಾರ ಮಾತೂ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ. ಆದರೆ ಅವಳ ಮಾತು ಕೇಳಿಸಿತು.

"ಬೈರೇಶ್ ಅನ್ನೋರು ಯಾರು?"

"ನಾನೇ."

"ಮುಖ ತೋರ್ಸೋಕೆ ಬಂದಿದೀನಿ. ನೋಡ್ಕೊಳ್ಳಿ."

ಅವನು ನೋಡಿದ. ಸೀರೆಯ ಅಂಚಿಗೆಲ್ಲ ಕೆಸರು. ಒಂದು ಚಪ್ಪಲಿಯ ಉಂಗುಷ್ಠ ಕಿತ್ತು, ಅದನ್ನು ಕೈಯಲ್ಲಿ ಹಿಡಿದಿದ್ದಳು. ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಹೆಂಗಸಿಗೂ ಇವಳಿಗೂ ಹೋಲಿಕೆಯೇ ಇರಲಿಲ್ಲ. ಆ ಫೋಟೋದಲ್ಲಿ ಕಣ್ಣುಗಳು ಇಷ್ಟು ಕೋಪ ಮಾಡಿಕೊಂಡಿರಲಿಲ್ಲ, ಇಷ್ಟು ಚೆನ್ನಾಗಿಯೂ ಇರಲಿಲ್ಲ.

"ನೋಡಿದ್ದಾಯ್ತಾ? ಈಗ ಅಳತೆ ಟೇಪ್ ಇದ್ರೆ ತಗೊಂಡು ಬನ್ನಿ. ಈ ನೀರು ಎಲ್ಲಿ ನಿಲ್ತಾ ಇದೆ ಅಂತ ಹುಡುಕೋಣ. ಲಕ್ಕಮ್ಮನ ಮನೆಯಿಂದ ಬರ್ತಾ ಇದೀನಿ. ನಿಮ್ಮಷ್ಟು ಅವ್ರು ಬೈಲಿಲ್ಲ."

ಅವಳು ಕವಿತ, ನಗರಸಭೆ ಸದಸ್ಯೆ. ಆರು ವರ್ಷದ ಹಿಂದೆ ಹೈವೇ ಅಪಘಾತದಲ್ಲಿ ಗಂಡ ತೀರಿಕೊಂಡಿದ್ದ. ಸಿಂಚನ ಎಂಬ ಮಗಳಿದ್ದಳು. ವಾರ್ಡು ಮಹಿಳೆಗೆ ಮೀಸಲಾದಾಗ ಮಾವ ಆಂಜಿನಪ್ಪ ಅವಳನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದ್ದ. ಸಹಿ ಸೊಸೆಯದು, ಮಾತು ಮಾವನದು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಬೈರೇಶನೂ ನಂಬಿದ್ದ, ಆ ಬೆಳಗಿನವರೆಗೆ.

ಆಮೇಲಿನ ವಾರಗಳಲ್ಲಿ ಅವರಿಬ್ಬರೂ ಬೀದಿಯ ಇನ್ನೊಂದಷ್ಟು ಜನರ ಜೊತೆ ಸೇರಿ ಚರಂಡಿಯ ಜಾಡು ಹಿಡಿದು ಓಡಾಡಿದರು. ಕೆಲವು ಕಡೆ ಮೇಲೆ ಕಲ್ಲು ಹಾಸಿದ್ದರು, ಕೆಲವು ಕಡೆ ಮೆಟ್ಟಿಲು ಕಟ್ಟಿದ್ದರು. ಕವಿತ ಪ್ರತಿ ಮನೆಯವರನ್ನೂ ಕೂರಿಸಿ ಮಾತಾಡಿಸಿದಳು. "ಕಲ್ಲು ಎತ್ತಿ ಇಡಿ ಅಜ್ಜಿ, ಕ್ಲೀನ್ ಆದ್ಮೇಲೆ ನಾನೇ ನಿಂತು ವಾಪಸ್ ಹಾಕಿಸ್ತೀನಿ" ಅನ್ನುತ್ತಿದ್ದಳು. ಹಾಕಿಸುತ್ತಿದ್ದಳು ಕೂಡ.

ಬೈರೇಶ್ ಟೇಪಿನ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಅವಳ ಕೈಯಲ್ಲಿ. ಅಳತೆಯನ್ನು ಅವನು ಜೋರಾಗಿ ಹೇಳಬೇಕು, ಅವಳು ಬರೆದುಕೊಳ್ಳಬೇಕು. ಒಮ್ಮೆ ಅವನು ಹೇಳುವುದನ್ನೇ ಮರೆತ.

"ಎಷ್ಟು?"

"ಆಂ?"

"ಟೇಪಲ್ಲಿ ಎಷ್ಟಿದೆ ಅಂತ ಕೇಳ್ದೆ. ನನ್ನ ಮುಖದಲ್ಲಿ ಬರ್ದಿಲ್ಲ."

ಲಕ್ಕಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬೈರೇಶನ ಕಿವಿ ಕೆಂಪಾಯಿತು. ಮೂವತ್ತೊಂಬತ್ತರ ಗಂಡಸು. ಹನ್ನೊಂದು ಕಡೆ ಹೆಣ್ಣು ನೋಡಿ, ಹನ್ನೊಂದು ಕಡೆಯೂ ಅವನ ಉಗುರಿನ ಗ್ರೀಸು ನೋಡಿದವರು ಆಮೇಲೆ ಹೇಳ್ತೀವಿ ಅಂದಿದ್ದರು. ಹನ್ನೆರಡನೆಯದು ಬೇಡ ಎಂದು ತಾಯಿ ಪಿಳ್ಳಮ್ಮನಿಗೆ ಹೇಳಿ ನಾಲ್ಕು ವರ್ಷವಾಗಿತ್ತು. ಈಗ ನೋಡಿದರೆ, ಬೆಳಗ್ಗೆ ಎದ್ದು ಸೀಮೆಎಣ್ಣೆ ಹಾಕಿ ಉಗುರು ಉಜ್ಜುತ್ತಿದ್ದ.

ಮಧ್ಯಾಹ್ನ ಅವಳು ಅಂಗಡಿಯ ಮರದ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಸುಟ್ಟ ಮೋಟಾರಿನ ಕಾಯಿಲಿನಿಂದ ಅವನು ತಾಮ್ರದ ತಂತಿ ಬಿಚ್ಚುವುದನ್ನು ನೋಡುತ್ತಿದ್ದಳು.

"ಎಲ್ಲಾ ಸುಟ್ಟೋಗಿದ್ರೂ ಮತ್ತೆ ಓಡತ್ತಾ ಇದು?"

"ಬಾಡಿ ಚೆನ್ನಾಗಿದ್ರೆ ಓಡತ್ತೆ ಮೇಡಂ. ಹೊಸ ತಂತಿ ಸುತ್ಬೇಕು. ಟೈಮ್ ಹಿಡಿಯತ್ತೆ."

ಅವಳು ಉಳಿದ ಟೀಯನ್ನು ನಿಧಾನವಾಗಿ ಕುಡಿದು ಲೋಟ ಕೆಳಗಿಟ್ಟಳು. ಅವಳು ಎದ್ದು ಹೋದ ಮೇಲೂ ಅವನು ಆ ಲೋಟವನ್ನು ಟೀ ಅಂಗಡಿಗೆ ವಾಪಸ್ ಕೊಡಲು ಸಂಜೆಯವರೆಗೆ ತಡ ಮಾಡಿದ.

ಸೆಪ್ಟೆಂಬರ್ ಕೊನೆಗೆ ಅಡಚಣೆ ಎಲ್ಲಿದೆಯೆಂದು ಬೈರೇಶನಿಗೆ ಗೊತ್ತಾಯಿತು. ಚರಂಡಿ ಕೆರೆಯ ಕಡೆ ತಿರುಗುವ ಮೂಲೆಯಲ್ಲಿ ಒಂದು ಹಿತ್ತಿಲ ಕಾಂಪೌಂಡು, ಅದರೊಳಗೆ ಗೋಡೌನು. ಮೂರಡಿ ಅಗಲದ ಚರಂಡಿಯನ್ನು ಅಲ್ಲಿ ಮುಚ್ಚಿ, ಒಂದಡಿ ಪೈಪು ಹೂತಿದ್ದರು. ಬೀದಿಯ ನೀರೆಲ್ಲ ಆ ಪೈಪಿನ ಬಾಯಿಗೆ ಬಂದು ಕಟ್ಟಿಕೊಂಡು, ಹಿಂದಕ್ಕೆ ಲಕ್ಕಮ್ಮನ ಅಡುಗೆಮನೆಗೆ ನುಗ್ಗುತ್ತಿತ್ತು. ಹಿತ್ತಿಲು ಆಂಜಿನಪ್ಪನದು, ಎಂದರೆ ಕವಿತ ಇರುವ ಮನೆಯದೇ.

ಅವನು ಯಾರಿಗೂ ಹೇಳಲಿಲ್ಲ. ಹತ್ತು ದಿನ ಏನೇನೋ ನೆಪ ಹೇಳಿದ. ಮೋಟಾರು ಅರ್ಜೆಂಟ್ ಇದೆ ಅಂದ, ಟೇಪು ಕಳೆದುಹೋಗಿದೆ ಅಂದ. ಹನ್ನೊಂದನೇ ದಿನ ಅವಳು ಅಂಗಡಿಗೆ ಬಂದವಳು ಸ್ಟೂಲಿನ ಮೇಲೆ ಕೂರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತು."

"ಏನು ಮೇಡಂ?"

"ನಾಟಕ ಬೇಡ ಬೈರೇಶ್. ಇಂಜಿನಿಯರ್ ಹತ್ರ ಹಳೇ ನಕ್ಷೆ ತೆಗೆಸ್ದೆ. ನಮ್ಮ ಹಿತ್ಲು ಅಂತ ನಿಮಗೆ ಗೊತ್ತಿದ್ದೂ ಸುಮ್ನಿದ್ರಿ. ಯಾಕೆ? ನನ್ನ ಮೇಲೆ ಅಯ್ಯೋ ಪಾಪನಾ?"

"ಆ ಮನೇಲಿ ನೀವು ಇರ್ಬೇಕಲ್ಲ."

"ಲಕ್ಕಮ್ಮನೂ ಅವ್ರ ಮನೇಲಿ ಇರ್ಬೇಕಲ್ಲ!"

ಅವಳ ಕೆಳತುಟಿ ಸಣ್ಣಗೆ ನಡುಗಿತು. ಅದು ಪೂರ್ತಿ ಕೋಪವಲ್ಲ ಎಂದು ಅವನಿಗೆ ತಿಳಿಯಿತು, ಅವನಿಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

"ಇನ್ಮೇಲೆ ನನ್ನ ಪರವಾಗಿ ಹೆದರ್ಬೇಡಿ. ಹೆದರೋದಾದ್ರೆ ನಾನೇ ಹೆದರ್ತೀನಿ" ಎಂದು ಹೇಳಿ ಸ್ಕೂಟರ್ ಹತ್ತಿದಳು.

ಜೆಸಿಬಿ ಬಂದ ದಿನ ಇಡೀ ಬೀದಿಯ ಮಗ್ಗಗಳು ನಿಂತವು. ಆಂಜಿನಪ್ಪ ಬಿಳಿ ಪಂಚೆ ಉಟ್ಟು ಕಾಂಪೌಂಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಕವಿತ ಅವನ ಮುಂದೆ ಹೋಗಿ ನಿಂತಳು.

"ಎದ್ದೇಳಿ ಮಾವ."

"ನಾನು ನಿಲ್ಸಿ ಗೆಲ್ಸಿದ್ದು ಕಣಮ್ಮ ನಿನ್ನ. ಈ ಗೋಡೆ ಒಡೆಯೋಕಾ?"

"ಗೆಲ್ಸಿದ್ದು ನೀವೇ. ಓಟು ಹಾಕಿದ್ದು ಇವ್ರು." ಅವಳ ದನಿ ಇಳಿಯಿತು. "ನಿಮ್ಮನ್ನ ಜನದ ಮುಂದೆ ಎಬ್ಬಿಸೋಕೆ ನಂಗೂ ಆಗಲ್ಲ ಮಾವ. ನೀವಾಗೇ ಎದ್ರೆ ನಿಮ್ಮ ಗೌರವ ನಿಮ್ಮ ಹತ್ರಾನೇ ಇರುತ್ತೆ."

ಆಂಜಿನಪ್ಪ ಕದಲಲಿಲ್ಲ. ಅತ್ತೆ ಸೊಣ್ಣಮ್ಮ ಒಳಗಿನಿಂದ ಬಂದು ಗಂಡನ ತೋಳು ಹಿಡಿದು ಎಬ್ಬಿಸಿದಳು. ಕುರ್ಚಿಯನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.

ಗೋಡೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಬೈರೇಶ್ ತಟ್ಟಲಿಲ್ಲ. ಧೂಳಿನ ನಡುವೆ ಅವಳೊಬ್ಬಳೇ ನಿಂತಿದ್ದಳು. ನಾಲ್ಕು ಹೆಜ್ಜೆ ದೂರ, ಅಷ್ಟೇ. ಅಷ್ಟು ಜನರ ಎದುರು ಆ ನಾಲ್ಕು ಹೆಜ್ಜೆ ಇಡಲು ಅವನಿಗೆ ಯಾವ ಹಕ್ಕೂ ಇರಲಿಲ್ಲ.

ಮಾತು ಹುಟ್ಟಲು ವಾರವೂ ಬೇಕಾಗಲಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಪಿಳ್ಳಮ್ಮನ ಕಿವಿಗೇ ಬಿತ್ತು. ಮೆಂಬರಮ್ಮ ಮಾವನ ಗೋಡೆ ಒಡೆಸಿದ್ದು ಲಕ್ಕಮ್ಮನಿಗೋಸ್ಕರ ಅಲ್ಲವಂತೆ, ಮೋಟಾರ್ ಅಂಗಡಿಯವನಿಗೋಸ್ಕರವಂತೆ. ಮಗನಿಗೆ ಹೇಳುವಾಗ ಪಿಳ್ಳಮ್ಮನ ಕಣ್ಣು ತುಂಬಿತ್ತು. "ಆ ಹೆಣ್ಮಗಳ ಹೆಸರು ಕೆಡ್ಸಬೇಡ ಕಣೋ" ಅಂದಳು.

ಮರುದಿನ ಕವಿತಳೇ ಬಂದಳು.

"ಕೇಳಿಸ್ತಲ್ಲ ನಿಮಗೂ?"

"ಹೂಂ."

"ಮಾಡಿದ ಕೆಲಸ ಸುಳ್ಳಾಗಬಾರದು ಬೈರೇಶ್. ಲಕ್ಕಮ್ಮನಿಗೆ ನ್ಯಾಯ ಸಿಕ್ತು ಅಂತ ಯಾರೂ ಹೇಳಲ್ಲ, ಮೆಂಬರಮ್ಮನಿಗೆ ಅವನು ಬೇಕಿತ್ತು ಅಂತಾರೆ. ಅದಕ್ಕೆ ನನ್ನ ಅವಧಿ ಮುಗಿಯೋವರೆಗೂ ಈ ಅಂಗಡಿಗೆ ನಾನು ಬರಲ್ಲ. ನೀವೂ ಫೋನ್ ಮಾಡ್ಬೇಡಿ."

"ಎಷ್ಟು ದಿನ ಇದೆ?"

"ಏಳು ತಿಂಗಳು."

"ಆಮೇಲೆ?"

ಅವಳು ಸ್ಕೂಟರಿನ ಕೀ ತಿರುಗಿಸಿದಳು. ಮತ್ತೆ ಆಫ್ ಮಾಡಿದಳು. ಏನೋ ಹೇಳಲು ಬಾಯಿ ತೆರೆದಳು. ಮೂಲೆಯಿಂದ ಯಾರೋ ಬರುತ್ತಿದ್ದರು. ಹೊರಟುಹೋದಳು.

ಏಳು ತಿಂಗಳು ಬೈರೇಶ್ ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಬದುಕಿದ.

"ನಾಳೆ ಬೆಳಗ್ಗೆ ಆರಕ್ಕೆ ನೀರು ಬಿಡ್ತಾರೆ, ಎಲ್ಲರೂ ತುಂಬ್ಕೊಳ್ಳಿ." "ಕಸದ ಗಾಡಿ ಈ ವಾರ ಸೋಮವಾರ ಬರಲ್ಲ, ಮಂಗಳವಾರ ಬರುತ್ತೆ." ಅವಳ ದನಿಯಲ್ಲಿ ಬರುವ ಇಂಥ ಸಂದೇಶಗಳನ್ನು ಅವನು ಅಂಗಡಿಯ ಶಟರ್ ಅರ್ಧ ಎಳೆದು ಎರಡೆರಡು ಸಲ ಕೇಳುತ್ತಿದ್ದ. "ಎಲ್ಲರೂ" ಅನ್ನುವಾಗ ಅವಳು ಒಂದು ಕ್ಷಣ ತಡೆಯುತ್ತಿದ್ದಳು. ಆ ಎಲ್ಲರಲ್ಲಿ ತಾನೂ ಒಬ್ಬ. ಸದ್ಯಕ್ಕೆ ಅಷ್ಟು ಸಾಕು ಎಂದುಕೊಳ್ಳುತ್ತಿದ್ದ. ಸಾಕಾಗುತ್ತಿರಲಿಲ್ಲ. ಉತ್ತರವಾಗಿ ಹೆಬ್ಬೆರಳಿನ ಗುರುತು ಹಾಕುತ್ತಿದ್ದ. ಇನ್ನೂರು ಜನರ ಹೆಬ್ಬೆರಳುಗಳ ನಡುವೆ ಅವನದೂ ಒಂದು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ದೊಡ್ಡ ಮಳೆ ಬಂತು. ಮಳೆ ಜೋರಿರುವಾಗಲೇ ಅವನು ತಲೆಗೆ ಗೋಣಿಚೀಲ ಹಾಕಿಕೊಂಡು ಚರಂಡಿ ನೋಡಲು ಓಡಿದ. ಹೊಸ ಕಾಂಕ್ರೀಟಿನ ಮೂರಡಿ ಅಗಲದಲ್ಲಿ ಕೆಂಪು ನೀರು ತಿರುಗಿ, ನೊರೆಯೆದ್ದು, ಎಲ್ಲೂ ನಿಲ್ಲದೆ ಕೆರೆಯ ಕಡೆ ಹೋಗುತ್ತಿತ್ತು. ಆಚೆ ದಡದಲ್ಲಿ ಕೊಡೆ ಹಿಡಿದು ಅವಳು. ಅವಳೂ ನೋಡಲು ಬಂದಿದ್ದಳು.

"ಲಕ್ಕಮ್ಮನ ಮನೆ?" ಎಂದು ಕೂಗಿ ಕೇಳಿದಳು.

"ಒಂದು ಹನಿ ಹೋಗಿಲ್ಲ ಮೇಡಂ!"

ಅವಳು ನಕ್ಕಳು. ಕೊಡೆ ವಾಲಿ ಒಂದು ಭುಜ ಪೂರ್ತಿ ನೆನೆಯಿತು, ಸರಿಮಾಡಿಕೊಳ್ಳಲಿಲ್ಲ. ಮೂರಡಿ ನೀರು. ಒಂದು ಹಾರು ಹಾರಿದರೆ ಆಚೆ ದಡ. ಅವನು ಹಾರಲಿಲ್ಲ, ಅವಳು ಹೋಗಲಿಲ್ಲ. ಮಳೆ ನಿಲ್ಲುವವರೆಗೂ ಇಬ್ಬರೂ ನೀರನ್ನು ನೋಡುವವರ ಹಾಗೆ ನಿಂತಿದ್ದರು.

ಮೇ ತಿಂಗಳಲ್ಲಿ ಅವಧಿ ಮುಗಿಯಿತು. ಮರುದಿನ ಬೈರೇಶ್ ಅಂಗಡಿ ಗುಡಿಸಿ, ಹೊಸ ಶರ್ಟು ಹಾಕಿಕೊಂಡು ಕೂತ. ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಲಕ್ಕಮ್ಮ ಸುದ್ದಿ ತಂದಳು.

"ಕವಿತಮ್ಮ ಮತ್ತೆ ನಿಲ್ತಾರಂತೆ ಕಣಪ್ಪ. ಬೀದಿಯೋರೆಲ್ಲ ಹೋಗಿ ಕೇಳ್ಕೊಂಡ್ವಿ, ಒಪ್ಕೊಂಡ್ರು. ನೀನ್ಯಾಕೆ ಬರ್ಲಿಲ್ಲ?"

ಅವನು ತಂತಿ ಸುತ್ತುತ್ತಲೇ ಇದ್ದ. ಎಣಿಕೆ ತಪ್ಪಿತು. ಬಿಚ್ಚಿ ಮತ್ತೆ ಸುತ್ತಿದ. ಮತ್ತೆ ತಪ್ಪಿತು. ಇನ್ನು ಐದು ವರ್ಷ. ಅವಳು ನಿಲ್ಲುವುದು ನ್ಯಾಯವೇ, ತನ್ನ ಓಟೂ ಅವಳಿಗೇ. ಆದರೆ ಆ ಸಂಜೆ ಅವನಿಗೆ ಅನ್ನ ಇಳಿಯಲಿಲ್ಲ.

ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆ, ಬೀದಿ ತುಂಬ ಜನ ಓಡಾಡುವ ಹೊತ್ತು. ಸ್ಕೂಟರ್ ಬಂದು ನಿಂತಿತು. ಅವಳು ಇಳಿದು, ಒಳಗೆ ಬಂದು, ಸ್ಟೂಲಿನ ಧೂಳು ಕೈಯಿಂದಲೇ ಒರೆಸಿ ಕೂತಳು. ಟೀ ಅಂಗಡಿಯವನು ಕೆಟಲ್ ಹಿಡಿದುಕೊಂಡೇ ನಿಂತುಬಿಟ್ಟ.

"ನಾಮಪತ್ರದಲ್ಲಿ ಒಂದು ಡೌಟ್ ಬಂದಿದೆ" ಅಂದಳು. ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ ಇತ್ತು. "ಇಲ್ಲಿ ತಂದೆ ಅಥವಾ ಗಂಡನ ಹೆಸರು ಅಂತ ಒಂದು ಕಾಲಂ ಇದೆ. ಹೋದ ಸಲ ತೀರಿಕೊಂಡವರ ಹೆಸರು ಬರ್ದಿದ್ದೆ. ಈ ಸಲ ಏನ್ ಬರೀಲಿ?"

ಬೈರೇಶನ ಕೈಯಿಂದ ಇಕ್ಕಳ ಕೆಳಗೆ ಬಿತ್ತು.

"ಜನ ಮಾತಾಡ್ತಾರೆ ಮೇಡಂ."

"ಮಾತಾಡ್ಲಿ. ಮೊದಲೇ ಗೊತ್ತಿದ್ದು ಓಟು ಹಾಕ್ಲಿ, ಇಲ್ಲಾ ಹಾಕ್ದೆ ಇರ್ಲಿ. ಮುಚ್ಚಿಟ್ಟು ಗೆಲ್ಲೋಕೆ ನಂಗಿಷ್ಟ ಇಲ್ಲ."

"ಮನೇಲಿ?"

"ಅತ್ತೆಗೆ ಆ ಗೋಡೆ ಬಿದ್ದ ದಿನಾನೇ ಗೊತ್ತಾಗಿತ್ತಂತೆ. ಮಾವಂಗೆ ಹೋದ ವಾರ ಹೇಳ್ದೆ. ನಾಲ್ಕು ದಿನ ಮಾತಾಡ್ಲಿಲ್ಲ. ಇವತ್ತು ಬೆಳಗ್ಗೆ ತಿಂಡಿ ತಿನ್ತಾ, ಮುಖ ನೋಡ್ದೆ, 'ಸಿಂಚನ ಪ್ರತಿ ಭಾನುವಾರ ನಮ್ಮ ಹತ್ರಾನೇ ಇರ್ಬೇಕು' ಅಂದ್ರು." ಅವಳು ಹಾಳೆಯನ್ನು ಎರಡಾಗಿ ಮಡಿಸಿದಳು. "ಅಷ್ಟೇ ಅಂದಿದ್ದು. ಸಿಂಚನ ಮಾತ್ರ ನಿಮಗೆ ಗಣಿತ ಬರುತ್ತಾ ಅಂತ ಕೇಳ್ತಿದಾಳೆ."

"ಸ್ವಲ್ಪ ಬರುತ್ತೆ."

"ಏಳು ತಿಂಗಳು ನಾನು ಆ ಗ್ರೂಪಲ್ಲಿ ನೀರು, ಕಸ, ಬೀದಿದೀಪ ಅಂತ ಕೂಗಿದ್ದೀನಿ ಬೈರೇಶ್. ನಿಮ್ಮ ಹೆಬ್ಬೆರಳು ಬಂದಿದೆಯಾ ಅಂತ ನೋಡದೆ ಒಂದು ದಿನಾನೂ ಮಲಗಿಲ್ಲ." ಅವಳು ಹಾಳೆಯನ್ನು ಮಡಿಲಲ್ಲಿ ಬಿಡಿಸಿ ಪೆನ್ನು ತೆಗೆದಳು. "ಈಗ ಬಾಯಿ ಬಿಟ್ಟು ಹೇಳಿ."

ಅವನಿಗೆ ಏಳು ತಿಂಗಳಲ್ಲಿ ಕೂಡಿಟ್ಟ ಒಂದು ಮಾತೂ ನೆನಪಾಗಲಿಲ್ಲ. ಹೊರಗೆ ಮಗ್ಗಗಳ ಸದ್ದು. ಅವಳ ಹಣೆಯ ಮೇಲೆ ಬೆವರಿನ ಸಣ್ಣ ಸಾಲು.

"ವೋಟರ್ ಲಿಸ್ಟಲ್ಲಿ ನನ್ನ ಹೆಸರು ತಪ್ಪಾಗಿದೆ" ಅಂದ. "ಭೈರೇಶ್ ಅಂತ ಮಹಾಪ್ರಾಣ ಹಾಕ್ಬಿಟ್ಟಿದಾರೆ. ನೀವು ಸರಿಯಾಗಿ ಬರ್ಕೊಳ್ಳಿ, ಕವಿತ."

ಮೊದಲ ಸಲ ಮೇಡಂ ಅನ್ನದೆ ಕರೆದಿದ್ದ. ಅವಳು ತಲೆ ತಗ್ಗಿಸಿ ಬರೆಯತೊಡಗಿದಳು. ಮೊದಲ ಅಕ್ಷರದ ಮೇಲೆ ಕಣ್ಣೀರು ಬಿದ್ದು ಇಂಕು ಹರಡಿತು.

"ಅಯ್ಯೋ, ಹಾಳಾಯ್ತು."

"ಪರವಾಗಿಲ್ಲ, ಅದು ಜೆರಾಕ್ಸು" ಅಂದ ಬೈರೇಶ್. ಗ್ರೀಸು ಮೆತ್ತಿದ ಕೈಯನ್ನು ಅವಳ ಕೈಯ ಮೇಲಿಡಲು ಒಂದು ಕ್ಷಣ ಹಿಂಜರಿದ. ಅವಳೇ ಹಿಡಿದುಕೊಂಡಳು.